ಡಿಸ್ಟಿಲ್ಡ್ ನೀರಿನಲ್ಲಿ ಹೋದ ನೀಲಿ ಬಣ್ಣ ನಮ್ಮೂರಿನ ಬೋರ್ ನೀರಿನಲ್ಲಿ ಏಕೆ ಹೋಗುತ್ತಿಲ್ಲ?

ಪ್ರಶ್ನೆ: ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಬೆಳಕು ಬಿದ್ದಾಗ ಚುರುಕಾಗುವ ನ್ಯಾನೋ ಕ್ಯಾಟಲಿಸ್ಟುಗಳಿಂದ, ಅಂದರೆ ಕ್ರಿಯೆಯ ವೇಗ ಹೆಚ್ಚಿಸುವ ಅತಿಸಣ್ಣ ಕಣಗಳಿಂದ, ನೀರಿನಲ್ಲಿರುವ ಸಾವಯವ ಮಾಲಿನ್ಯವನ್ನು ಒಡೆಯುವ ವಿಷಯವನ್ನು ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಆರಿಸಿಕೊಂಡಿದ್ದೇನೆ. ಜಿಂಕ್ ನೈಟ್ರೇಟ್ ಮತ್ತು ಗ್ಲೈಸಿನ್ ಕರಗಿಸಿದ ದ್ರಾವಣವನ್ನು ಮಫಲ್ ಫರ್ನೇಸಿನಲ್ಲಿಟ್ಟು ಉರಿಸಿ, ಉಳಿದ ಹಗುರವಾದ ಬಿಳಿ ಪುಡಿಯನ್ನು, ಅಂದರೆ ಜಿಂಕ್ ಆಕ್ಸೈಡನ್ನು, ಬಳಸುತ್ತಿದ್ದೇನೆ. ಲೀಟರಿಗೆ 10 ಮಿಲಿಗ್ರಾಂ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಇರುವ 100 ಮಿಲಿಲೀಟರ್ ನೀರಿಗೆ 0.1 ಗ್ರಾಂ ಪುಡಿ ಹಾಕಿ, ಅರ್ಧ ಗಂಟೆ ಕತ್ತಲಲ್ಲಿ ಕಲಕಿ, ನಂತರ ವಿಭಾಗದ ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಇಡುತ್ತೇನೆ. ಡಿಸ್ಟಿಲ್ಡ್ ನೀರಿನಲ್ಲಿ ತೊಂಬತ್ತು ನಿಮಿಷಕ್ಕೆ ಬಣ್ಣವೆಲ್ಲ ಹೋಯಿತು.

ನಮ್ಮ ಊರು ಚಿತ್ತಾಪುರ ತಾಲ್ಲೂಕಿನಲ್ಲಿದೆ. ಹಬ್ಬಕ್ಕೆ ಹೋದಾಗ ಮನೆಯ ಬೋರ್ ನೀರನ್ನು ಎರಡು ಬಾಟಲಿ ತುಂಬಿಕೊಂಡು ಬಂದು, ಅದೇ ಅಳತೆಯ ಬಣ್ಣ, ಅದೇ ಪುಡಿ, ಅದೇ ವೇಳೆ ಇಟ್ಟುಕೊಂಡು ಪ್ರಯೋಗ ಮಾಡಿದೆ. ಮೂರು ಗಂಟೆ ಕಳೆದರೂ ಸುಮಾರು ಅರ್ಧ ಬಣ್ಣ ಉಳಿದಿತ್ತು. ಕೈತಪ್ಪಾಗಿರಬಹುದೆಂದು ಮೂರು ಸಲ ಮಾಡಿದೆ. ಮೂರು ಸಲವೂ ಹಾಗೆಯೇ ಆಯಿತು. ನಮ್ಮ ಭಾಗದಲ್ಲಿ ಈಗ 42 ಡಿಗ್ರಿ ಬಿಸಿಲಿದೆ, ಇಷ್ಟು ಉರಿಬಿಸಿಲಿನಲ್ಲಿ ಕ್ಯಾಟಲಿಸ್ಟು ಇನ್ನೂ ಚುರುಕಾಗಬೇಕಿತ್ತಲ್ಲವೇ ಎಂಬುದು ನನ್ನ ಮೊದಲ ಸಂಶಯ.

ಇದನ್ನು ಕೇಳಲು ಇನ್ನೊಂದು ಕಾರಣವಿದೆ. ಯಾದಗಿರಿ ಜಿಲ್ಲೆಯಲ್ಲಿ ನಮ್ಮ ಸೋದರಮಾವನ ಊರಿನ ಸಮೀಪ ರಾಸಾಯನಿಕ ಘಟಕವೊಂದಿದೆ. ಮಳೆಗಾಲ ಬಂತೆಂದರೆ ಹಳ್ಳದ ನೀರಿಗೆ ಔಷಧದಂಥ ಗಾಢ ವಾಸನೆ ಬರುತ್ತದೆ, ದನಗಳು ಆ ನೀರಿಗೆ ಬಾಯಿ ಹಾಕುವುದಿಲ್ಲ. ಈ ಪುಡಿಯನ್ನು ಶಹಾಬಾದ್ ಕಲ್ಲಿನ ಚಪ್ಪಡಿಗಳ ಮೇಲೆ ಲೇಪಿಸಿ, ಅವುಗಳ ಮೇಲೆ ತೆಳ್ಳಗೆ ನೀರು ಹರಿಸಿ, ಬಿಸಿಲಿನಿಂದಲೇ ಆ ನೀರನ್ನು ಶುದ್ಧಗೊಳಿಸಬಹುದೇ? ಮಾವ ಈ ಪ್ರಶ್ನೆಯನ್ನು ಎರಡು ಸಲ ಕೇಳಿದ್ದಾರೆ, ನಾನು ಇನ್ನೂ ಉತ್ತರ ಕೊಟ್ಟಿಲ್ಲ.


ಉತ್ತರ 1: ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಕಲಬುರಗಿ

ತಂಗಿ, ಮೂರು ಸಲವೂ ಒಂದೇ ಫಲ ಬಂದಿದ್ದರೆ ಅದನ್ನು ಕೈತಪ್ಪು ಎನ್ನಲಾಗದು. ನನ್ನ ಮಟ್ಟಿಗೆ ನಿಮ್ಮ ಡಿಸ್ಟಿಲ್ಡ್ ನೀರಿನ ಫಲಿತಾಂಶಕ್ಕಿಂತ ಬೋರ್ ನೀರಿನ ಫಲಿತಾಂಶಕ್ಕೇ ಬೆಲೆ ಹೆಚ್ಚು, ಏಕೆಂದರೆ ಮಾಲಿನ್ಯ ಇರುವುದು ಡಿಸ್ಟಿಲ್ಡ್ ನೀರಿನಲ್ಲಲ್ಲ.

ಮೊದಲು ಬಿಸಿಲಿನ ವಿಷಯ. ಇಲ್ಲಿ ಕೆಲಸ ಮಾಡುವುದು ಬೆಳಕು, ಕಾವು ಅಲ್ಲ. ಜಿಂಕ್ ಆಕ್ಸೈಡಿನ ಬ್ಯಾಂಡ್ ಅಂತರ, ಅಂದರೆ ಅದರ ಎಲೆಕ್ಟ್ರಾನ್ ಮೇಲೇಳಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಆಗಿರುವುದರಿಂದ, ಸುಮಾರು 375 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು ಮಾತ್ರ ಅದರ ಎಲೆಕ್ಟ್ರಾನನ್ನು ಮೇಲೆಬ್ಬಿಸಬಲ್ಲದು. ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡಿಗೆ 3.2 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 387 ನ್ಯಾನೋಮೀಟರ್. ನೆಲಕ್ಕೆ ತಲುಪುವ ಬಿಸಿಲಿನ ಶಕ್ತಿಯಲ್ಲಿ ಈ ನೇರಳಾತೀತ ಪಾಲು ನೂರಕ್ಕೆ ನಾಲ್ಕೈದರಷ್ಟೇ. ನಮ್ಮ ಮೈ ಸುಡುವ ಕಾವಿನ ಬಹುಪಾಲು ಕ್ಯಾಟಲಿಸ್ಟಿಗೆ ಕಾಣುವುದೇ ಇಲ್ಲ. ಕಾವು ಇನ್ನೊಂದು ಕೆಡುಕನ್ನೂ ಮಾಡುತ್ತದೆ. ಎದ್ದ ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿದ ಆಮ್ಲಜನಕ ಹಿಡಿದುಕೊಳ್ಳದಿದ್ದರೆ ಅದು ತಾನು ಬಿಟ್ಟುಬಂದ ರಂಧ್ರಕ್ಕೆ ಮರಳಿ ಬೀಳುತ್ತದೆ, ಬೆಳಕು ವ್ಯರ್ಥವಾಗುತ್ತದೆ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 40 ಡಿಗ್ರಿಯ ನೀರು ಹಿಡಿಯುವುದು ಆರೂವರೆಗೂ ತುಸು ಕಡಿಮೆ. ಅದೇ ಹೊತ್ತಿಗೆ ಫೀನಾಲಿನಂಥ ಸಾವಯವ ಮಾಲಿನ್ಯವನ್ನು ಉದಾಹರಣೆಗೆ ತೆಗೆದುಕೊಂಡರೆ, ಲೀಟರಿಗೆ 10 ಮಿಲಿಗ್ರಾಂ ಫೀನಾಲನ್ನು ಪೂರ್ತಿ ಇಂಗಾಲದ ಡೈಆಕ್ಸೈಡ್ ಮಾಡಲು ಸುಮಾರು 24 ಮಿಲಿಗ್ರಾಂ ಆಮ್ಲಜನಕ ಬೇಕು. ಆದ್ದರಿಂದ ಮೀನಿನ ತೊಟ್ಟಿಗೆ ಹಾಕುವ ಸಣ್ಣ ಏರ್ ಪಂಪೊಂದನ್ನು ನಿಮ್ಮ ಬೀಕರಿಗೆ ಇಳಿಬಿಡಿ.

ಈಗ ನಿಮ್ಮ ಊರಿನ ನೀರಿಗೆ ಬರೋಣ. ಚಿತ್ತಾಪುರ, ಸೇಡಂ, ಶಹಾಬಾದ್ ಪಟ್ಟಿಯ ನೆಲದಡಿಯಲ್ಲಿರುವುದು ಭೀಮಾ ಶ್ರೇಣಿಯ ಸುಣ್ಣದ ಕಲ್ಲು. ಮಳೆನೀರು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಆ ಕಲ್ಲಿನ ಮೂಲಕ ಇಳಿಯುವಾಗ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡನ್ನೂ ಹೊತ್ತು ತರುತ್ತದೆ. ಅಮ್ಮ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ಇದೇ. ನಿಮ್ಮ ಪ್ರಯೋಗಕ್ಕೆ ಅಡ್ಡಿಯಾಗಿರುವುದೂ ಬಹುಮಟ್ಟಿಗೆ ಇದೇ ಎಂದು ನನಗೆ ತೋರುತ್ತದೆ, ಆದರೆ ಅದು ಒಂದೇ ದಾರಿಯಲ್ಲಿ ಅಡ್ಡ ಬರುವುದಿಲ್ಲ.

ಕ್ಯಾಟಲಿಸ್ಟಿನ ಮೇಲ್ಮೈಯಲ್ಲಿ ಬೆಳಕಿನಿಂದ ಹುಟ್ಟುವ, ಸಾವಯವವನ್ನು ಒಡೆಯುವ ಅತಿ ಚುರುಕಿನ ಕಣವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎದುರಿಗೆ ಬಂದುದನ್ನೆಲ್ಲ ಹಿಡಿಯುತ್ತದೆ. ಬೈಕಾರ್ಬೊನೇಟ್ ಸಿಕ್ಕರೆ ಅದರೊಂದಿಗೆ ಕೂಡಿ ಕಾರ್ಬೊನೇಟ್ ರ‍್ಯಾಡಿಕಲ್ ಆಗುತ್ತದೆ, ಅದು ಮೊದಲಿನದಕ್ಕಿಂತ ಬಹಳ ದುರ್ಬಲ. ಬೈಕಾರ್ಬೊನೇಟ್ ಈ ರ‍್ಯಾಡಿಕಲ್ಲಿನೊಂದಿಗೆ ವರ್ತಿಸುವ ವೇಗ ಸಾವಯವ ಅಣುಗಳ ವೇಗದ ಸಾವಿರದ ಒಂದು ಪಾಲಿನ ಆಸುಪಾಸಿನದು. ಆದರೆ ಅದರ ಸಂಖ್ಯೆ ಹೆಚ್ಚು. ಲೀಟರಿಗೆ 400 ಮಿಲಿಗ್ರಾಂ ಬೈಕಾರ್ಬೊನೇಟ್ ಇದೆ ಎಂದಿಟ್ಟುಕೊಂಡರೆ, ನಿಮ್ಮ ಬೀಕರಿನಲ್ಲಿ ಒಂದು ಬಣ್ಣದ ಅಣುವಿಗೆ ಸುಮಾರು ಇನ್ನೂರು ಬೈಕಾರ್ಬೊನೇಟ್ ಅಯಾನುಗಳಿವೆ. ವೇಗವನ್ನೂ ಸಂಖ್ಯೆಯನ್ನೂ ಗುಣಿಸಿ ನೋಡಿದರೆ, ಇಷ್ಟು ಗಾಢವಾದ ಬಣ್ಣದ ನೀರಿನಲ್ಲಿ ಬೈಕಾರ್ಬೊನೇಟ್ ಕದಿಯುವ ಪಾಲು ದೊಡ್ಡದೇನಲ್ಲ. ಬಣ್ಣದ ಬದಲು ಡೈಕ್ಲೋಫೆನಾಕಿನಂಥ ನೋವಿನ ಔಷಧವೊಂದು ಲೀಟರಿಗೆ 10 ಮೈಕ್ರೊಗ್ರಾಂ ಮಾತ್ರ ಇದ್ದರೆ ಚಿತ್ರ ತಲೆಕೆಳಗಾಗುತ್ತದೆ: ಒಂದು ರ‍್ಯಾಡಿಕಲ್ ಔಷಧವನ್ನು ತಲುಪುವಷ್ಟರಲ್ಲಿ ಸುಮಾರು ಇನ್ನೂರು ರ‍್ಯಾಡಿಕಲ್ಲುಗಳು ಬೈಕಾರ್ಬೊನೇಟಿನ ಪಾಲಾಗಿರುತ್ತವೆ. ಮಾವನ ಊರಿನ ಹಳ್ಳದ ಬಗ್ಗೆ ಯೋಚಿಸುವಾಗ ಈ ಲೆಕ್ಕ ನಿಮ್ಮ ಕಣ್ಣ ಮುಂದಿರಲಿ.

ಹಾಗಾದರೆ ನಿಮ್ಮ ಬಣ್ಣ ಅರ್ಧ ಉಳಿದದ್ದೇಕೆ? ಜಿಂಕ್ ಆಕ್ಸೈಡಿನ ಮೇಲ್ಮೈ ಪಿಎಚ್ ಸುಮಾರು 9ರವರೆಗೂ ಧನಾವೇಶ ಹೊತ್ತಿರುತ್ತದೆ. ಮಿಥಿಲೀನ್ ಬ್ಲೂ ಕೂಡ ಧನಾವೇಶದ ಬಣ್ಣವಾದ್ದರಿಂದ ಅದಕ್ಕೆ ಅಲ್ಲಿ ಹೇಗೂ ಆದರವಿಲ್ಲ. ಋಣಾವೇಶದ ಬೈಕಾರ್ಬೊನೇಟ್ ಬಂದು ಸಿಕ್ಕ ಜಾಗದಲ್ಲೆಲ್ಲ ಕುಳಿತುಬಿಡುತ್ತದೆ. ಇದಲ್ಲದೆ, ಲವಣ ಹೆಚ್ಚಿರುವ ಗಡಸು ನೀರಿನಲ್ಲಿ ನ್ಯಾನೋ ಕಣಗಳು ಬಿಡಿಬಿಡಿಯಾಗಿ ಉಳಿಯುವುದಿಲ್ಲ, ಒಂದಕ್ಕೊಂದು ಅಂಟಿ ಗಂಟಾಗಿ ತಳಕ್ಕಿಳಿಯುತ್ತವೆ. ಕಲಕುವುದನ್ನು ನಿಲ್ಲಿಸಿ ಹತ್ತು ನಿಮಿಷ ಎರಡೂ ಬೀಕರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬೋರ್ ನೀರು ಬೇಗ ತಿಳಿಯಾದರೆ ಕಾರಣದ ಒಂದು ತುದಿ ಕೈಗೆ ಸಿಕ್ಕಂತೆ. ಬಿಸಿಲಿನಲ್ಲಿ ನೀರು ಕಾದು ಸುಣ್ಣದ ಪೊರೆ ಪುಡಿಯ ಮೇಲೆಯೇ ಕಟ್ಟುವ ಸಾಧ್ಯತೆಯೂ ಇದೆ.

ಯಾವುದು ಎಷ್ಟು ಎಂಬುದನ್ನು ಊಹಿಸಬೇಡಿ, ಬೇರ್ಪಡಿಸಿ ನೋಡಿ. ಡಿಸ್ಟಿಲ್ಡ್ ನೀರಿಗೆ ಅಡುಗೆ ಸೋಡಾ ಮಾತ್ರ ಹಾಕಿ ಒಂದು ಪ್ರಯೋಗ, ಕ್ಯಾಲ್ಸಿಯಂ ಕ್ಲೋರೈಡ್ ಮಾತ್ರ ಹಾಕಿ ಇನ್ನೊಂದು, ಉಪ್ಪು ಮಾತ್ರ ಹಾಕಿ ಮತ್ತೊಂದು. ನಂತರ ಬೋರ್ ನೀರನ್ನೇ ಕುದಿಸಿ, ಆರಿಸಿ, ಸೋಸಿ ಒಂದು ಸಲ. ಪ್ರತಿಯೊಂದರ ಪಿಎಚ್ ಬರೆದಿಡಿ. ನಾಲ್ಕು ದಿನದ ಕೆಲಸವಷ್ಟೇ, ಆದರೆ ಪ್ರಾಜೆಕ್ಟಿನ ಜೀವ ಅದರಲ್ಲಿದೆ.

ನೀವು ಬಳಸಿದ ದಹನ ವಿಧಾನವನ್ನು 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಸಿ. ಪಾಟೀಲ ಮತ್ತು ಅವರ ಶಿಷ್ಯರು ಬೆಳೆಸಿದರು; ಮುಂದೆ ಅದೇ ಸಂಸ್ಥೆಯಲ್ಲಿ ಈ ದಾರಿಯಿಂದ ತಯಾರಿಸಿದ ಟೈಟಾನಿಯಂ ಡೈಆಕ್ಸೈಡಿನಿಂದ ಬಣ್ಣಗಳನ್ನು ಒಡೆಯುವ ಒಳ್ಳೆಯ ಕೆಲಸ ನಡೆಯಿತು. ನಮ್ಮ ನಾಡಿನಲ್ಲೇ ಬೆಳೆದ ವಿಧಾನ ಕಲಬುರಗಿಯ ಪ್ರಯೋಗಾಲಯದಲ್ಲಿ ಇನ್ನೂ ಉರಿಯುತ್ತಿದೆ ಎಂದು ಓದಿ ಮನಸ್ಸಿಗೆ ಹಿತವಾಯಿತು.

ಶಹಾಬಾದ್ ಕಲ್ಲು ಬೇಡ. ಅದು ಸ್ವತಃ ಸುಣ್ಣದ ಕಲ್ಲು. ಲೇಪನಕ್ಕೆ ಬಳಸುವ ಆಮ್ಲೀಯ ದ್ರಾವಣ ಅದನ್ನು ಕೊರೆಯುತ್ತದೆ, ಆಮೇಲೆ ಹರಿಯುವ ನೀರಿಗೆ ಅದೇ ಬೈಕಾರ್ಬೊನೇಟ್ ಸೇರಿಸುತ್ತದೆ. ಗಾಜಿನ ಹಾಳೆ ಒಳ್ಳೆಯದು. ಆದರೆ ಸಾಧಾರಣ ಕಿಟಕಿ ಗಾಜನ್ನು ಲೇಪನದ ಜತೆ ಕಾಯಿಸಿದಾಗ ಗಾಜಿನ ಸೋಡಿಯಂ ಲೇಪನಕ್ಕೆ ಇಳಿದು ಅದರ ಚುರುಕನ್ನು ತಗ್ಗಿಸುತ್ತದೆ, ಆದ್ದರಿಂದ ಬೋರೋಸಿಲಿಕೇಟ್ ಗಾಜು ಸಿಕ್ಕರೆ ಅದನ್ನೇ ಬಳಸಿ.


ಉತ್ತರ 2: ಪರಿಸರ ಎಂಜಿನಿಯರ್, ಬೀದರ್

ಗುರುಗಳು ರಸಾಯನಶಾಸ್ತ್ರವನ್ನು ಪೂರ್ತಿ ಹೇಳಿದ್ದಾರೆ. ನಾನು ತ್ಯಾಜ್ಯನೀರಿನ ಘಟಕಗಳಲ್ಲಿ ಕೆಲಸ ಮಾಡುವವನು, ಆದ್ದರಿಂದ ಮಾವನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು 40 ವ್ಯಾಟ್ ನೇರಳಾತೀತ ಬೆಳಕು ಬೀಳುತ್ತದೆ ಎಂದಿಟ್ಟುಕೊಳ್ಳಿ. ಅಂಥ ಬಿಸಿಲು ದಿನಕ್ಕೆ ಐದು ಗಂಟೆ ಸಿಕ್ಕರೆ, ಬೀಳುವ ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಸುಮಾರು ಎರಡು ಮೋಲ್. ನೂರು ಫೋಟಾನುಗಳಲ್ಲಿ ಐದು ಉಪಯೋಗಕ್ಕೆ ಬರುತ್ತವೆ ಎಂದು ಉದಾರವಾಗಿಯೇ ಭಾವಿಸೋಣ. ಉಳಿದವುಗಳಿಂದ ಎದ್ದ ಎಲೆಕ್ಟ್ರಾನುಗಳು ಮರಳಿ ರಂಧ್ರಕ್ಕೇ ಬೀಳುತ್ತವೆ. ಒಂದು ಆಮ್ಲಜನಕದ ಅಣುವಿಗೆ ನಾಲ್ಕು ಎಲೆಕ್ಟ್ರಾನಿನಂತೆ ಲೆಕ್ಕ ಹಾಕಿದರೆ, ಒಂದು ಚದರ ಮೀಟರ್ ಲೇಪನ ದಿನಕ್ಕೆ ಕಳೆಯಬಲ್ಲ ಸಿಒಡಿ (ನೀರಿನ ಸಾವಯವವನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕದ ಲೆಕ್ಕದಲ್ಲಿ ಮಾಲಿನ್ಯದ ಅಳತೆ) ಒಂದು ಗ್ರಾಮಿಗೂ ತುಸು ಕಡಿಮೆ. ಔಷಧ ತಯಾರಿಕೆಯ ಗಾಢ ತ್ಯಾಜ್ಯದಲ್ಲಿ ಸಿಒಡಿ ಲೀಟರಿಗೆ ಹತ್ತಾರು ಸಾವಿರ ಮಿಲಿಗ್ರಾಂ ಇರುತ್ತದೆ. 20,000 ಎಂದು ಹಿಡಿದರೆ, ಹತ್ತು ಸಾವಿರ ಲೀಟರಿನ ಒಂದೇ ಒಂದು ಟ್ಯಾಂಕರಿನಲ್ಲಿ 200 ಕಿಲೋ. ಅದನ್ನು ಒಂದು ದಿನದಲ್ಲಿ ಬಿಸಿಲಿನಿಂದ ಒಡೆಯಲು ಐವತ್ತು ಎಕರೆಗಿಂತ ಹೆಚ್ಚು ಗಾಜು ಹಾಸಬೇಕು. ಇದು ಕಾಗದದ ಮೇಲಿನ ಅಂದಾಜು, ನಿಜ. ಅಂದಾಜನ್ನು ಎರಡು ಪಟ್ಟು ಅನುಕೂಲ ಮಾಡಿಕೊಂಡರೂ ಇಪ್ಪತ್ತೈದು ಎಕರೆಗೆ ಬಂದು ನಿಲ್ಲುತ್ತದೆ.

ಆದ್ದರಿಂದ ಗಾಢ ತ್ಯಾಜ್ಯವನ್ನು ಅದು ಹುಟ್ಟುವ ಜಾಗದಲ್ಲೇ, ಘಟಕದ ಗೇಟಿನೊಳಗೇ ಸಂಸ್ಕರಿಸಬೇಕು. ಒಳನಾಡಿನ ಹಳ್ಳ-ಹೊಳೆಗೆ ಬಿಡುವ ನೀರಿನಲ್ಲಿ ಸಿಒಡಿ ಲೀಟರಿಗೆ 250 ಮಿಲಿಗ್ರಾಂ ಮೀರಬಾರದೆಂದು 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿದೆ. ಅಲ್ಲಿ ಮೀರಿ ಹರಿಸಿದ್ದನ್ನು ಕೆಳಗಿನ ಹಳ್ಳಿಯವರು ತಮ್ಮ ಹೊಲದ ಬದುವಿನಲ್ಲಿ ಗಾಜು ಹಾಸಿ ತೊಳೆಯಬೇಕು ಎಂಬ ಯೋಚನೆಗೇ ನನ್ನ ವಿರೋಧವಿದೆ. ಮಾವನವರಿಗೆ ಮೊದಲು ಬೇಕಾಗಿರುವುದು ಕ್ಯಾಟಲಿಸ್ಟು ಅಲ್ಲ, ವಾಸನೆ ಬಂದ ದಿನವೇ ಸರಿಯಾಗಿ ತೆಗೆದ ನೀರಿನ ಮಾದರಿ.

ಹಾಗೆಂದು ಈ ವಿದ್ಯೆ ವ್ಯರ್ಥವಲ್ಲ. ಜೈವಿಕ ಸಂಸ್ಕರಣೆಯಲ್ಲಿ ಬ್ಯಾಕ್ಟೀರಿಯಾಗಳು ತಿನ್ನಬಹುದಾದುದನ್ನೆಲ್ಲ ತಿಂದ ಮೇಲೂ ಕಾರ್ಬಮಾಜೆಪಿನ್‌ನಂಥ ಕೆಲವು ಔಷಧಗಳು ಹಾಗೆಯೇ ಹೊರಬರುತ್ತವೆ. ಸಿಒಡಿ ಇಳಿದ, ತಿಳಿಯಾದ, ಸ್ವಲ್ಪ ಪ್ರಮಾಣದ ನೀರಿನ ಕೊನೆಯ ಹಂತಕ್ಕೆ ಬೆಳಕಿನ ಕ್ಯಾಟಲಿಸ್ಟು ಹೊಂದುತ್ತದೆ. ಸ್ಪೇನಿನ ಅಲ್ಮೇರಿಯಾದಲ್ಲಿರುವ ಸೌರ ಸಂಶೋಧನಾ ಕೇಂದ್ರದವರು ಬಿಸಿಲನ್ನು ಕೊಳವೆಗಳ ಮೇಲೆ ಕೂಡಿಸುವ ಬಾಗಿದ ಕನ್ನಡಿಗಳನ್ನು ಬಳಸಿ ಇದನ್ನು ವರ್ಷಗಟ್ಟಲೆ ಮಾಡಿ ನೋಡಿದ್ದಾರೆ. ಅಲ್ಲಿಯೂ ಟೈಟಾನಿಯಂಗಿಂತ ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬಳಸುವ ಫೋಟೊ-ಫೆಂಟನ್ ವಿಧಾನ ಬೇಗ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಪಿಎಚ್ 3ರ ಸುತ್ತ ಬೇಕು. ನಮ್ಮ ಗಡಸು ನೀರನ್ನು ಅಲ್ಲಿಗಿಳಿಸಲು ಸುರಿಯಬೇಕಾದ ಆಮ್ಲದ ಖರ್ಚೇ ಸಾಕಷ್ಟಾಗುತ್ತದೆ.


ಉತ್ತರ 3: ಸಂಶೋಧನಾ ವಿದ್ಯಾರ್ಥಿ, ಬೀದರ್ ಜಿಲ್ಲೆ

ಅಕ್ಕಾ, ಜಿಂಕ್ ಆಕ್ಸೈಡಿನ ಬಗ್ಗೆ ಒಂದು ಎಚ್ಚರಿಕೆ. ಅದು ಆಮ್ಲದಲ್ಲೂ ಕ್ಷಾರದಲ್ಲೂ ಕರಗುತ್ತದೆ, ಬೆಳಕಿನಲ್ಲಿ ತಾನೇ ಸವೆಯುತ್ತದೆ. ಬೀದರ್ ಪಟ್ಟಣ ಕುಳಿತಿರುವುದು ಜಂಬಿಟ್ಟಿಗೆಯ ಮೇಲೆ. ಅಂಥ ನೆಲದ ಬಾವಿಯ ನೀರು ಸಾಮಾನ್ಯವಾಗಿ ನಿಮ್ಮ ಸುಣ್ಣಕಲ್ಲಿನ ನೀರಿಗಿಂತ ಮೆದುವಾಗಿರುತ್ತದೆ, ಪಿಎಚ್ ಕೂಡ ಕೆಳಗಿರುತ್ತದೆ. ನಾನು ಅಂಥ ನೀರಿನಲ್ಲಿ ಜಿಂಕ್ ಆಕ್ಸೈಡ್ ಬಳಸಿದಾಗ ಬಣ್ಣ ಬೇಗ ಹೋಯಿತು. ಆದರೆ ಮೂರನೆಯ ಬಳಕೆಗೆ ಪುಡಿಯ ತೂಕ ಇಳಿದಿತ್ತು, ಸೋಸಿದ ನೀರಿನಲ್ಲಿ ಸತು ಸಿಕ್ಕಿತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಸತುವಿನ ಸ್ವೀಕಾರಾರ್ಹ ಮಿತಿ ಲೀಟರಿಗೆ 5 ಮಿಲಿಗ್ರಾಂ, ಅದು ಮನುಷ್ಯರಿಗೆ. ಮೀನು, ಪಾಚಿಗಳಿಗೆ ಅದಕ್ಕಿಂತ ಬಹಳ ಕಡಿಮೆಯೂ ವಿಷವೇ. ನೀರನ್ನು ಹೊರಗೆ ಬಿಡುವ ಯೋಚನೆಯಿದ್ದರೆ ಟೈಟಾನಿಯಂ ಡೈಆಕ್ಸೈಡಿಗೆ ಬದಲಾಯಿಸಿ. ಪ್ರತಿ ಮಾದರಿಯನ್ನು ಸೆಂಟ್ರಿಫ್ಯೂಜ್ ಮಾಡಿದ ಮೇಲೂ ಒಮ್ಮೆ ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿ. ಉಳಿದ ಕಣಗಳು ಬೆಳಕನ್ನು ಚದುರಿಸಿ ಅಳತೆಯನ್ನು ಕೆಡಿಸುತ್ತವೆ.


ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಐವತ್ತು ಎಕರೆಯ ಲೆಕ್ಕವನ್ನು ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾದರಿ ಹೇಗೆ ತೆಗೆಯಬೇಕೆಂದು ಕೇಳಿದರು.

ಗುರುಗಳು ಹೇಳಿದ ಪ್ರಯೋಗಗಳನ್ನು ಮಾಡಿದೆ. ಉಪ್ಪು ಮಾತ್ರ ಹಾಕಿದ ನೀರಿನಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ್ದರಲ್ಲಿ ಪುಡಿ ಬೇಗ ತಳಕ್ಕಿಳಿಯಿತು, ಬಣ್ಣ ಹೋಗಲು ಸುಮಾರು ಎರಡು ಗಂಟೆ ಹಿಡಿಯಿತು. ಅಡುಗೆ ಸೋಡಾ ಹಾಕಿದ್ದರಲ್ಲಿ ಎಲ್ಲಕ್ಕಿಂತ ನಿಧಾನವಾಯಿತು. ಬೋರ್ ನೀರನ್ನು ಕುದಿಸಿ ಸೋಸಿದ ಮೇಲೆ ಬಣ್ಣ ಮೊದಲಿಗಿಂತ ಬೇಗ ಹೋಯಿತು, ಆದರೂ ಡಿಸ್ಟಿಲ್ಡ್ ನೀರಿನ ವೇಗ ಬರಲಿಲ್ಲ. ಏರ್ ಪಂಪ್ ಹಾಕಿದಾಗ ಎಲ್ಲ ಬೀಕರುಗಳಲ್ಲೂ ಕೆಲಸ ಚುರುಕಾಯಿತು.

ಈ ನಡುವೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬಣ್ಣ ಬೆಳಕನ್ನು ಎಷ್ಟು ಹೀರುತ್ತದೆಂದು ತೋರಿಸುವ ವರ್ಣಪಟಲದಲ್ಲಿ ಮೊದಲು 664 ನ್ಯಾನೋಮೀಟರಿನಲ್ಲಿದ್ದ ಶಿಖರ ಬರೀ ತಗ್ಗುತ್ತಿಲ್ಲ, ತಗ್ಗುತ್ತಾ ಎಡಕ್ಕೆ, ಅಂದರೆ ಕಡಿಮೆ ತರಂಗಾಂತರದ ಕಡೆಗೆ ಸರಿಯುತ್ತಿದೆ. ನಾನು ಇಲ್ಲಿಯವರೆಗೆ 664ರ ಅಂಕಿಯನ್ನಷ್ಟೇ ಬರೆದುಕೊಂಡು ಶೇಕಡಾವಾರು ನಾಶ ಎಂದು ಲೆಕ್ಕ ಹಾಕುತ್ತಿದ್ದೆ. ಅದು ಸರಿಯೇ?


ಉತ್ತರ 1ರ ಅಧ್ಯಾಪಕರು

ಅದು ಸರಿಯಲ್ಲ ತಂಗಿ, ನೀವೇ ಹಿಡಿದದ್ದು ಬಹಳ ಒಳ್ಳೆಯದಾಯಿತು. ಶಿಖರ ಎಡಕ್ಕೆ ಸರಿಯುವುದೆಂದರೆ ಅಣುವಿನ ನೈಟ್ರೋಜನಿಗೆ ಅಂಟಿದ ಮಿಥೈಲ್ ಗುಂಪುಗಳು ಒಂದೊಂದಾಗಿ ಕಳಚುತ್ತಿವೆ. ಮಿಥಿಲೀನ್ ಬ್ಲೂ ಅಜ್ಯೂರ್ ಎಂಬ ಬೇರೆ ಬಣ್ಣಗಳಾಗುತ್ತಿದೆ. ಮೂರು ಉಂಗುರಗಳ ಬೆನ್ನೆಲುಬು ಇನ್ನೂ ಹಾಗೆಯೇ ಇದೆ. 664ರಲ್ಲಿ ಅಂಕಿ ಇಳಿಯಿತೆಂದು ಅದನ್ನು ನಾಶ ಎಂದು ಬರೆದರೆ, ಮನೆಯವರು ಬಾಗಿಲ ಬಣ್ಣ ಬದಲಿಸಿದ್ದನ್ನು ನೋಡಿ ಮನೆಯೇ ಬಿದ್ದಿದೆ ಎಂದಂತಾಗುತ್ತದೆ. ಇಡೀ ವರ್ಣಪಟಲವನ್ನು 200ರಿಂದ 800ರವರೆಗೆ ದಾಖಲಿಸಿ, 290ರ ಸುತ್ತಲಿನ ಶಿಖರ ಏನಾಗುತ್ತದೆಂದು ಗಮನಿಸಿ.

ಮಿಥಿಲೀನ್ ಬ್ಲೂ ಇನ್ನೂ ಎರಡು ರೀತಿಯಲ್ಲಿ ಮೋಸ ಮಾಡುತ್ತದೆ. ಆಮ್ಲಜನಕ ಕಡಿಮೆಯಾದಾಗ ಅದು ಎಲೆಕ್ಟ್ರಾನುಗಳನ್ನು ಪಡೆದು ಬಣ್ಣವಿಲ್ಲದ ಲ್ಯೂಕೋ ರೂಪಕ್ಕೆ ಹೋಗುತ್ತದೆ. ಬಾಟಲಿಯನ್ನು ಗಾಳಿಯೊಂದಿಗೆ ಅಲುಗಾಡಿಸಿದರೆ ನೀಲಿ ಮರಳಿ ಬರುತ್ತದೆ. ಶಾಲೆಗಳಲ್ಲಿ ತೋರಿಸುವ ನೀಲಿ ಬಾಟಲಿಯ ಪ್ರಯೋಗ ಇದೇ. ಇನ್ನೊಂದೆಂದರೆ, ಈ ಬಣ್ಣ ಕೆಂಪು ಬೆಳಕನ್ನು ತಾನೇ ಹೀರಿ ಎಲೆಕ್ಟ್ರಾನನ್ನು ಕ್ಯಾಟಲಿಸ್ಟಿಗೆ ದಾಟಿಸಬಲ್ಲದು, ಆಗ ಒಡೆಯುತ್ತಿರುವುದು ಬಣ್ಣದ ಸ್ವಂತ ಹೀರಿಕೆಯಿಂದ, ಪುಡಿಯ ಚುರುಕಿನಿಂದಲ್ಲ. ನೇರಳಾತೀತ ಬೆಳಕಿನಲ್ಲಿ ಲೇಪನಗಳನ್ನು ಪರೀಕ್ಷಿಸುವ ಐಎಸ್ಒ 10678 ಮಾನಕದಲ್ಲಿ ಇದೇ ಬಣ್ಣವನ್ನು ಬಳಸುತ್ತಾರೆ, ಆದ್ದರಿಂದ ಹೋಲಿಕೆಗೆ ಬೇಕಾದರೆ ಇಟ್ಟುಕೊಳ್ಳಿ. ಆದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೆಲಸ ಮಾಡುವ ಹೊಸ ಕ್ಯಾಟಲಿಸ್ಟು ಮಾಡಿದೆನೆಂದು ಯಾರಾದರೂ ಈ ಬಣ್ಣವೊಂದನ್ನೇ ತೋರಿಸಿದರೆ ಒಪ್ಪಬೇಡಿ.

ಮುಂದಿನ ಪ್ರಯೋಗಕ್ಕೆ ಬಣ್ಣವಿಲ್ಲದ ಫೀನಾಲ್ ತೆಗೆದುಕೊಳ್ಳಿ, ಕೈಗವಸು ಮರೆಯಬೇಡಿ. ಅದು ಒಡೆಯುವಾಗ ನಡುವೆ ಕ್ಯಾಟೆಕಾಲ್, ಹೈಡ್ರೋಕ್ವಿನೋನ್, ಬೆಂಜೋಕ್ವಿನೋನ್ ಬರುತ್ತವೆ. ಇವುಗಳಲ್ಲಿ ಹೈಡ್ರೋಕ್ವಿನೋನ್ ಮತ್ತು ಬೆಂಜೋಕ್ವಿನೋನ್ ಜಲಜೀವಿಗಳಿಗೆ ಫೀನಾಲಿಗಿಂತ ಹೆಚ್ಚು ವಿಷ. ಫೀನಾಲ್ ಅರ್ಧ ಹೋದ ಹೊತ್ತಿಗೆ ಪ್ರಯೋಗ ನಿಲ್ಲಿಸಿದರೆ ಮೊದಲಿಗಿಂತ ಕೆಟ್ಟ ನೀರು ಕೈಯಲ್ಲಿರಬಹುದು. ಆದ್ದರಿಂದಲೇ ಟಿಒಸಿ, ಅಂದರೆ ಒಟ್ಟು ಸಾವಯವ ಇಂಗಾಲದ ಅಳತೆ ಬೇಕು. ನಿಮ್ಮ ವಿಭಾಗದಲ್ಲಿ ಆ ಉಪಕರಣ ಇಲ್ಲದಿದ್ದರೆ ಸಿಒಡಿಯನ್ನಾದರೂ ಮಾಡಿ. ಬೋರ್ ನೀರಿನ ಕ್ಲೋರೈಡ್ ಸಿಒಡಿಯನ್ನು ಹೆಚ್ಚಾಗಿ ತೋರಿಸುತ್ತದೆ, ಮರ್ಕ್ಯುರಿಕ್ ಸಲ್ಫೇಟ್ ಸೇರಿಸುವುದನ್ನು ಬಿಡಬೇಡಿ, ಮತ್ತು ಆ ತ್ಯಾಜ್ಯವನ್ನು ಸಿಂಕಿಗೆ ಸುರಿಯದೆ ಪ್ರತ್ಯೇಕ ಕ್ಯಾನಿನಲ್ಲಿ ಕೂಡಿಡಿ.


ಉತ್ತರ 2ರ ಎಂಜಿನಿಯರ್

ಮಾವನವರಿಗೆ ಮಾದರಿಯ ವಿಧಾನ: ಕಂದು ಬಣ್ಣದ ಗಾಜಿನ ಬಾಟಲಿಗಳನ್ನು ನಿಮ್ಮ ಪ್ರಯೋಗಾಲಯದಲ್ಲೇ ತೊಳೆದು ಒಣಗಿಸಿ ಕೊಡಿ. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿ ಬೇಡ, ಕೆಲವು ಸಾವಯವಗಳು ಪ್ಲಾಸ್ಟಿಕ್ಕಿಗೆ ಅಂಟುತ್ತವೆ. ಹರಿಯುವ ನೀರಿನ ನಡುಭಾಗದಿಂದ, ಗಾಳಿಗುಳ್ಳೆ ಉಳಿಯದಂತೆ ಕಂಠದವರೆಗೆ ತುಂಬಿ ಮುಚ್ಚಬೇಕು. ಘಟಕದ ಮೇಲ್ಭಾಗದ ಹಳ್ಳದಿಂದ ಒಂದು, ಕೆಳಭಾಗದಿಂದ ಒಂದು, ಎರಡೂ ಅದೇ ಗಂಟೆಯಲ್ಲಿ. ಮೇಲ್ಭಾಗದ ಮಾದರಿ ಇಲ್ಲದಿದ್ದರೆ ಕೆಳಭಾಗದ ಅಂಕಿಗೆ ಯಾರೂ ಕಿವಿಗೊಡುವುದಿಲ್ಲ. ಸಿಒಡಿಗೆ ಬೇರೆ ಬಾಟಲಿ ಇಟ್ಟು, ಅದಕ್ಕೆ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ಸಲ್ಫ್ಯೂರಿಕ್ ಆಮ್ಲ ಹಾಕಬೇಕು, ಅದನ್ನು ನೀವೇ ಮಾಡಿ, ಮಾವನವರ ಕೈಗೆ ಆಮ್ಲ ಕೊಡಬೇಡಿ. ಎಲ್ಲವನ್ನೂ ಐಸ್ ತುಂಬಿದ ಡಬ್ಬಿಯಲ್ಲಿಟ್ಟು ಅದೇ ದಿನ ತನ್ನಿ. ದಿನ, ವೇಳೆ, ಆ ಹೊತ್ತಿಗೆ ಮಳೆ ಇತ್ತೇ ಇಲ್ಲವೇ ಎಂಬುದನ್ನು ಬಾಟಲಿಯ ಮೇಲೆಯೇ ಬರೆಯಿರಿ.


ಪ್ರಶ್ನೆ ಕೇಳಿದವರು

ಬಾಟಲಿಗಳನ್ನು ಇವತ್ತೇ ತೊಳೆದಿಟ್ಟಿದ್ದೇನೆ. ಮೊದಲ ದೊಡ್ಡ ಮಳೆ ಬಿದ್ದ ದಿನ ಮಾವ ಫೋನ್ ಮಾಡುತ್ತಾರೆ, ನಾನು ಬೆಳಗಿನ ಬಸ್ಸಿಗೆ ಐಸ್ ಡಬ್ಬಿ ಹಿಡಿದು ಹೊರಡುತ್ತೇನೆ. ಅಲ್ಲಿಯವರೆಗೆ ಫೀನಾಲಿನ ಪ್ರಯೋಗವನ್ನು ಟೈಟಾನಿಯಂ ಡೈಆಕ್ಸೈಡಿನೊಂದಿಗೆ, ಡಿಸ್ಟಿಲ್ಡ್ ನೀರಿನಲ್ಲೊಮ್ಮೆ, ಊರಿನ ಬೋರ್ ನೀರಿನಲ್ಲೊಮ್ಮೆ ಮಾಡಿ, ಸಿಒಡಿ ಅಂಕಿಗಳನ್ನು ಇಲ್ಲಿಯೇ ಹಾಕುತ್ತೇನೆ.